ಕಂಡಕ್ಟರಮ್ಮನ ಕಿರಣ ಚಿಕಿತ್ಸೆ

ಕಂಡಕ್ಟರಮ್ಮ ಎಂದರೆ ಇಡೀ ಬೀದಿಗೆ ಗೊತ್ತು. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು ಸೀಟಿ ಊದಿದವರು. ನಿವೃತ್ತಿಯಾಗಿ ಎಂಟು ತಿಂಗಳಾಗಿತ್ತಷ್ಟೆ, ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ತಂಗಿ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಗರ್ಭಕೋಶ ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ವರದಿ ಬಂದ ದಿನ ಡಾಕ್ಟರು, ‘ಇದು ಗರ್ಭಕೋಶದ ಕ್ಯಾನ್ಸರಲ್ಲೂ ಬಹಳ ಅಪರೂಪದ ಜಾತಿ. ನಾನೇ ವರ್ಷಕ್ಕೊಂದು ನೋಡಿದ್ರೆ ಹೆಚ್ಚು’ ಎಂದರು.

ತಂಗಿಗೆ ಅಳು ಒತ್ತರಿಸಿಕೊಂಡು ಬಂತು. ಕಂಡಕ್ಟರಮ್ಮ ಮಾತ್ರ, ‘ಶಾಲೇಲಿ ಒಂದು ಸಲಾನೂ ಹೆಸರು ಮಾಡ್ಲಿಲ್ಲ. ಈಗ ನೋಡು’ ಎಂದರು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ತಂಗಿಯ ಕೈ ಬಿಡಲಿಲ್ಲ.

ಒಳಗೆ ಏನಾದರೂ ಉಳಿದಿದ್ದರೆ ಸುಟ್ಟುಹಾಕಲು ಇಪ್ಪತ್ತೈದು ದಿನ ಕಿರಣ ಚಿಕಿತ್ಸೆ ಎಂದು ತೀರ್ಮಾನವಾಯಿತು. ಒಂದೇ ಷರತ್ತು: ಮೂರು ಲೋಟ ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡೇ ಯಂತ್ರದಡಿ ಮಲಗಬೇಕು. ಆಗ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದಂತೆ.

‘ತಡ್ಕೊಳ್ಳೋದು ಕಷ್ಟ ಅಮ್ಮ’ ಎಂದಳು ಯಂತ್ರ ನಡೆಸುವ ಹುಡುಗಿ.

‘ಮಗಳೇ, ನಮ್ಮ ರೂಟಲ್ಲಿ ಹೆಂಗಸರಿಗೆ ಅಂತ ಒಂದು ಟಾಯ್ಲೆಟ್ ಇರ್ಲಿಲ್ಲ. ನಿನ್ನ ಮಿಷನ್ ಸುಸ್ತಾಗ್ಬೇಕು, ನಾನಾಗಲ್ಲ.’

ಮಾತು ಸುಳ್ಳಾಗಲಿಲ್ಲ. ಆರನೆಯ ದಿನ ಯಂತ್ರ ಕೈಕೊಟ್ಟು ಮುಕ್ಕಾಲು ಗಂಟೆ ತಡವಾಯಿತು. ಕಾಯುವ ಕೋಣೆಯ ಹೆಂಗಸರು ತಡೆಯಲಾಗದೆ ಒಬ್ಬೊಬ್ಬರಾಗಿ ಟಾಯ್ಲೆಟ್ಟಿಗೆ ಓಡಿದರು. ಕಂಡಕ್ಟರಮ್ಮ ಕದಲಲಿಲ್ಲ. ಮರುದಿನ ಎಲ್ಲರೂ ಅವರನ್ನು ಸುತ್ತುವರಿದು ಗುಟ್ಟು ಕೇಳಿದರು.

‘ನೀರಿನ ಬಗ್ಗೆ ಯೋಚ್ನೆ ಮಾಡ್ಬಾರ್ದು. ಜಗಳ ಆಡ್ಬೇಕು. ಪ್ಯಾಸೆಂಜರ್ ಹತ್ರ ಜಗಳಕ್ಕೆ ನಿಂತ್ರೆ ನಂಗೆ ಎಲ್ಲ ಮರ್ತೇ ಹೋಗ್ತಿತ್ತು.’

ಅಂದಿನಿಂದ ಆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಜಗಳ. ಫ್ಯಾನು ಹಾಕಬೇಕೋ ಬೇಡವೋ, ಟೀವಿ ಧಾರಾವಾಹಿಯ ಅತ್ತೆಯದು ತಪ್ಪೋ ಸೊಸೆಯದೋ. ನರ್ಸು ಗಾಬರಿಯಿಂದ ಓಡಿಬಂದರೆ, ಎಲ್ಲರೂ ತುಂಬಿದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹದಿನೇಳನೆಯ ದಿನ ಮಾತ್ರ ಕಂಡಕ್ಟರಮ್ಮ ಸೋತರು. ಯಂತ್ರದ ಕೋಣೆಗೆ ಹತ್ತು ಹೆಜ್ಜೆ ಇತ್ತು. ನಡುದಾರಿಯಲ್ಲೇ ಎಲ್ಲ ಹೋಯಿತು. ಚಪ್ಪಲಿ ಒದ್ದೆ, ನೆಲ ಒದ್ದೆ. ಕಂಡಕ್ಟರಮ್ಮ ಗೋಡೆ ಕಡೆ ತಿರುಗಿ ನಿಂತುಬಿಟ್ಟರು.

‘ಇದು ಕಿರಣದ ಕೆಲ್ಸ ಅಮ್ಮ, ನಿಮ್ದಲ್ಲ. ಮೂತ್ರಕೋಶ ಸಿಟ್ಟಾಗಿದೆ, ಅಷ್ಟೇ’ ಎಂದಳು ಹುಡುಗಿ.

‘ನಾಳೆಯಿಂದ ನಾನು ಬರಲ್ಲ’ ಎಂದರು ಕಂಡಕ್ಟರಮ್ಮ.

ತಂಗಿ ಒಣ ಟವೆಲ್ ತಂದು, ಕುಕ್ಕರುಗಾಲಲ್ಲಿ ಕೂತು ಅಕ್ಕನ ಕಾಲೊರೆಸಿದಳು. ‘ಅಕ್ಕ, ಇಪ್ಪತ್ತೊಂಬತ್ತು ವರ್ಷದ್ದು ಒಟ್ಟಿಗೆ ಬಂತು, ಬಿಡು.’

ಕಂಡಕ್ಟರಮ್ಮ ಒಂದು ಕ್ಷಣ ದುರುಗುಟ್ಟಿದರು. ಆಮೇಲೆ ನಗು ಕಿತ್ತುಕೊಂಡು ಬಂತು. ನಕ್ಕಿದ್ದಕ್ಕೆ ಇನ್ನಷ್ಟು ಹೋಯಿತು. ಅದಕ್ಕೂ ನಕ್ಕರು.

ಡಾಕ್ಟರು ಮಾತ್ರೆ ಬರೆದುಕೊಟ್ಟು, ನೀರನ್ನು ಎರಡು ಲೋಟಕ್ಕೆ ಇಳಿಸಿದರು. ಮರುದಿನ ಕಂಡಕ್ಟರಮ್ಮ ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೊಂಡು, ಎಲ್ಲರಿಗಿಂತ ಮೊದಲು ಹೋಗಿ ಕೂತರು. ಭೇದಿ, ಸುಸ್ತು, ಉರಿ, ಒಂದೂ ತಪ್ಪಲಿಲ್ಲ. ಆದರೂ ಇಪ್ಪತ್ತೈದೂ ಮುಗಿಸಿದರು.

ಈಗ ಎರಡು ವರ್ಷ. ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ, ಅದರ ಹಿಂದಿನ ವಾರ ಸರಿಯಾಗಿ ಊಟ ಸೇರುವುದಿಲ್ಲ. ಮೊನ್ನೆಯ ಸ್ಕ್ಯಾನ್ ನೋಡಿ ಡಾಕ್ಟರು ‘ಏನೂ ಇಲ್ಲ’ ಎಂದರು. ಅಕ್ಕತಂಗಿಯರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ಬಸ್ಸು ಹತ್ತುವುದನ್ನೇ ಮರೆತು ಎರಡು ಸ್ಟಾಪು ಹರಟುತ್ತಲೇ ನಡೆದುಬಿಟ್ಟರು.