ಜಂಕ್ಷನ್ನಿನಲ್ಲಿ ಸೀಮಾಂತ ಪೂಜೆ

ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ, ಬರೀ ‘ಲೈನು’ ಅನ್ನುತ್ತಿದ್ದೆವು. ಲೈನಿನ ಮೇಲಿನ ನೆಂಟರು, ಲೈನಿನ ಕಡೆಯ ಹೆಣ್ಣು, ಲೈನಿನಿಂದ ಬಂದ ಪೇರಲ ಹಣ್ಣು. ಹೈದರಾಬಾದಿನಿಂದ ವಾಡಿಯತ್ತ ಹೋಗುವ ದೊಡ್ಡ ಹಳಿ ವಿಕಾರಾಬಾದಿನಲ್ಲಿ ಕವಲೊಡೆದು ಬೀದರಿನ ಕಡೆ ಹೊರಳುತ್ತದಲ್ಲ, ಆ ಕವಲೇ ನಮ್ಮ ಲೈನು. ನಿಜಾಮರ ಕಾಲದಲ್ಲಿ ಹಾಕಿದ್ದು. ಅದಕ್ಕೂ ಮೊದಲು ಬೀದರಿನವರು ಹೈದರಾಬಾದಿಗೆ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಹಳಿ ಬಿದ್ದ ಮೇಲೆ ಕೊಹೀರಿನ ಪೇರಲ, ಜಹೀರಾಬಾದಿನ ಹಸಿಶುಂಠಿ, ನೌಕರಿ ಹುಡುಕುವ ಬೀದರಿನ ಹುಡುಗರು, ಎಲ್ಲ ಒಂದೇ ಡಬ್ಬಿಯಲ್ಲಿ ಬಂದು ಇಳಿಯತೊಡಗಿದರು. ಹಾಗೆ ಬಂದಿಳಿದವರಲ್ಲಿ ನಮ್ಮ ಅಪ್ಪನೂ ಒಬ್ಬ.

ರಾಜ್ಯಗಳು ಬೇರೆಯಾದಾಗ ಜಹೀರಾಬಾದಿನ ತನಕ ಆಂಧ್ರ, ಅದರಾಚೆ ಮೈಸೂರು ಎಂದಾಯಿತು. ಗಾಡಿಗೆ ಅದು ಗೊತ್ತಾಗಲೇ ಇಲ್ಲ. ಕಿಟಕಿಯ ಆಚೆ ಅದೇ ಕೆಂಪು ಮಣ್ಣು, ಅದೇ ಸೀತಾಫಲದ ಪೊದೆ. ಗೊತ್ತಾಗಿದ್ದು ನಮಗೆ. ಮೆಹದಿಪಟ್ಟಣಂನ ಬಾಡಿಗೆ ಮನೆಯ ಹೊಸಿಲು ದಾಟಿದರೆ ತೆಲುಗು, ಬಜಾರಿಗೆ ಹೋದರೆ ಉರ್ದು, ಒಳಗೆ ಮಾತ್ರ ಕನ್ನಡ. ಅಪ್ಪ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅವನಿಗೆ ಎಲ್ಲವೂ ಬರುತ್ತಿತ್ತು. ಅವ್ವನಿಗೆ ತೆಲುಗು ನಾಲಿಗೆಗೆ ಹೊರಳುತ್ತಿರಲಿಲ್ಲ. ತರಕಾರಿಯವಳು ಬಂದರೆ ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನು ಕರೆಯುತ್ತಿದ್ದಳು. ನಾನು ನಡುವೆ ನಿಂತು ಬದನೆಕಾಯಿಯ ಚೌಕಾಸಿ ಮಾಡುತ್ತಿದ್ದೆ. ಅವ್ವನ ಪಾಲಿಗೆ ನಾನು ಭಾಳ ದೊಡ್ಡ ಮನುಷ್ಯಳಾಗಿದ್ದೆ, ಅದು ನನಗೆ ಗೊತ್ತಿತ್ತು, ಜಂಬವೂ ಇತ್ತು.

ಆಮೇಲೆ ಅವ್ವನಿಗೆ ಕೆಮ್ಮು ಹತ್ತಿತು. ಒಂದು ದಿನ ಕರವಸ್ತ್ರದಲ್ಲಿ ರಕ್ತ ಬಿತ್ತು. ವಿಕಾರಾಬಾದಿನ ಪಕ್ಕದ ಗುಡ್ಡದ ಮೇಲೆ ಕ್ಷಯದ ಆಸ್ಪತ್ರೆ ಇತ್ತು. ಅಪ್ಪ ಅವಳನ್ನು ಅಲ್ಲಿಗೆ ಸೇರಿಸಿ ಬಂದ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಆ ರೋಗದ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ‘ಆ ಬ್ಯಾನಿ’ ಅಂತಿದ್ದಳು. ನನ್ನನ್ನು ಅಡುಗೆಮನೆಗೆ ಕರೆದು ಪಾಠ ಹೇಳಿದಳು.

“ಇಲ್ಲೆ ಯಾರರ ಕೇಳಿದ್ರ ಅವ್ವ ಬೀದರಕ್ಕ ಹೋಗ್ಯಾಳಂತ ಹೇಳು. ಬೀದರದಾಗ ಕೇಳಿದ್ರ ಹೈದರಾಬಾದ್‌ದಾಗ ಅದಾಳಂತ ಹೇಳು. ತಿಳೀತೇನು?”

“ಮತ್ತ ಗಾಡ್ಯಾಗ ಯಾರರ ಕೇಳಿದ್ರ?”

“ಗಾಡ್ಯಾಗ ಬಾಯಿ ಮುಚ್ಚಿಕೊಂಡು ಕುಂಡ್ರು.”

ಹೀಗೆ ಲೈನಿನ ಎರಡೂ ತುದಿಗೆ ಒಂದೊಂದು ಸುಳ್ಳು ಹೇಳಿದ್ದಾಯಿತು. ಅವ್ವ ನಡುವೆ ಜಂಕ್ಷನ್ನಿನಲ್ಲಿ ಉಳಿದಳು.

ಬೀದರಿಗೆ ಹೋಗುವ ಪ್ಯಾಸೆಂಜರ್ ವಿಕಾರಾಬಾದಿನಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಎಂಜಿನ್ನು ನೀರು ಕುಡಿಯಬೇಕು, ವಾಡಿಯ ಕಡೆಯ ಗಾಡಿ ಬರಬೇಕು. ಸ್ಟೇಷನ್ ಹತ್ತಿರವಾಗುತ್ತಿದ್ದಂತೆ ಡಬ್ಬಿಯ ಹೆಂಗಸರೆಲ್ಲ ಎದ್ದು ಕಿಟಕಿಯ ಶಟರ್ ಇಳಿಸುತ್ತಿದ್ದರು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಗುಡ್ಡದ ಗಾಳಿ ಒಳಗೆ ಬರಬಾರದು, ಅಷ್ಟೇ. ಬಿರು ಬೇಸಿಗೆಯಲ್ಲೂ ಡಬ್ಬಿ ಮುಚ್ಚಿಕೊಂಡು, ಬೆವರುತ್ತ, ಮಕ್ಕಳ ಮೂಗಿಗೆ ಸೆರಗು ಒತ್ತಿ ಹಿಡಿದು ಕೂರುತ್ತಿದ್ದರು. ಅಜ್ಜಿ ಎಲ್ಲರಿಗಿಂತ ಮೊದಲು ನಮ್ಮ ಕಿಟಕಿಯ ಶಟರ್ ಇಳಿಸುವಳು. ಒಳಗೆ ಗುಟ್ಟು ಇಟ್ಟುಕೊಂಡವರಿಗೆ ಅವಸರ ಹೆಚ್ಚು. ರಜೆಗೆ ಬೀದರಿಗೆ ಹೋಗುವಾಗ ನಾನು ಶಟರಿನ ಸಂದಿಗೆ ಕಣ್ಣಿಟ್ಟು ಹುಡುಕುತ್ತಿದ್ದೆ. ನಾವು ಹೋಗುವ ದಿನ ತಿಳಿದು ಅವ್ವ ಗುಡ್ಡ ಇಳಿದು ಬಂದು, ಪ್ಲಾಟ್‌ಫಾರಮಿನ ಬೇವಿನ ಮರದ ಕೆಳಗಿನ ಕಲ್ಲಿನ ಬೆಂಚಿನಲ್ಲಿ ಬಾಯಿಗೆ ಸೆರಗು ಹಿಡಿದು ಕೂತಿರುತ್ತಿದ್ದಳು. ಮುಚ್ಚಿದ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಯಾವುದರ ಹಿಂದೆ ನಾನಿದ್ದೇನೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಅಜ್ಜಿಯ ಮೇಲೆ, ಆ ಹೆಂಗಸರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪೇಪರ್ ಓದುವ ನೆಪ ಮಾಡುತ್ತಿದ್ದ ಅಪ್ಪನ ಮೇಲೆ.

ಅವ್ವ ಗುಣವಾದಳು. ಇನ್ನು ಯಾರಿಗೂ ಅಂಟುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಕಾಕಾನ ಮದುವೆ ಬೀದರಿನ ಹುಡುಗಿಯ ಜೊತೆ ಗೊತ್ತಾಯಿತು. ಕಾಕಾ ಅಪ್ಪನ ಕೊನೆಯ ತಮ್ಮ. ಅವ್ವ ಮದುವೆಯಾಗಿ ಬಂದಾಗ ಅವನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದನಂತೆ. ಅವನಿಗೆ ಉಣಿಸಿ ಬೆಳೆಸಿದವಳು ಅವಳೇ.

“ಮದುವಿ ಆಗೋತನಕ ಆಕಿ ಅಲ್ಲೇ ಇರಲಿ,” ಎಂದಳು ಅಜ್ಜಿ. “ಆ ಬ್ಯಾನಿ ಸುದ್ದಿ ಲೈನ್ ಮ್ಯಾಲೆ ಒಬ್ಬರ ಕಿವಿಗೆ ಬಿದ್ರೂ ಸಾಕು, ಈ ಮನಿಗೆ ಯಾರು ಹೆಣ್ಣು ಕೊಡ್ತಾರ?”

ಅಪ್ಪ ಅವ್ವನಿಗೆ ಹೇಳಿ ಬರಲು ಒಬ್ಬನೇ ಹೋದ. ಬಂದು ಹೇಳಿದ್ದು ಇಷ್ಟೇ: “ಗಾಡಿ ನಿಂತಾಗ ಹುಡುಗನ ಅರಿಷಿಣದ ಮಾರಿ ಒಂದ್ಸಲ ನೋಡತೀನಿ ಅಂದಾಳ. ಬೆಂಚಿನ ಮ್ಯಾಲೆ ಕುಂತಿರತಾಳ. ಮಾತಾಡ್ಸೋದಿಲ್ಲಂತ.” ಅಜ್ಜಿ ಆಗಲಿ ಎಂದಳು. ಶಟರ್ ಇಳಿದಿರುತ್ತದೆ, ಕಾಕಾ ಒಬ್ಬ ಬಾಗಿಲಲ್ಲಿ ನಿಂತರೆ ಆಯಿತು ಎಂದು ಅವಳ ಲೆಕ್ಕ.

ಸುಲ್ತಾನ್ ಬಜಾರಿನಲ್ಲಿ ಸೀರೆ ತಂದೆವು, ಸಂಬಂಧಿಕರು ಸೇರಿದರು, ಪಕ್ಕದ ಮನೆಯ ರಾಯಚೂರಿನ ಹೆಂಗಸೂ ಹೊರಟಳು. ಅವ್ವ ಬೀದರಿನಲ್ಲೇ ಇದ್ದು ಮದುವೆಯ ತಯಾರಿ ನೋಡುತ್ತಿದ್ದಾಳೆ ಎಂದು ಆಕೆಗೆ ಹೇಳಿದ್ದಾಗಿತ್ತು. ಹೈದರಾಬಾದಿನಲ್ಲಿ ಮನೆ ನೋಡಿಕೊಳ್ಳುತ್ತಿದ್ದಾಳೆ ಎಂದು ಬೀಗರಿಗೆ ಹೇಳಿದ್ದಾಗಿತ್ತು. ಮದುವೆಯ ಗದ್ದಲದಲ್ಲಿ ಯಾರು ಯಾರನ್ನು ಕೇಳುತ್ತಾರೆ ಎಂಬ ಧೈರ್ಯ ಅಜ್ಜಿಗೆ.

ಆದರೆ ಅಜ್ಜಿ ಒಂದನ್ನು ಮರೆತಿದ್ದಳು. ನಮ್ಮಲ್ಲಿ ಸೀಮಾಂತ ಪೂಜೆ ಅಂತ ಇದೆ. ಗಂಡಿನ ಕಡೆಯವರು ಊರಿನ ಗಡಿಗೆ ಬಂದಾಗ ಹೆಣ್ಣಿನವರು ಎದುರು ಬಂದು, ಮದುಮಗನ ಪಾದ ತೊಳೆದು, ಮನೆಯ ಮುತ್ತೈದೆಯರಿಗೆ ಉಡಿ ತುಂಬಿ ಕರೆದೊಯ್ಯುತ್ತಾರೆ. ಎತ್ತಿನ ಗಾಡಿಯ ಕಾಲದಲ್ಲಿ ಗಡಿ ಅಂದರೆ ಊರ ಹೊರಗಿನ ಹನುಮಪ್ಪನ ಗುಡಿ. ರೈಲು ಬಂದ ಮೇಲೆ ಅದು ಸ್ಟೇಷನ್ನಿಗೆ ಬಂತು. ನಮ್ಮ ಬೀಗರು ಅದನ್ನೂ ಮೀರಿಸಿದರು.

ವಿಕಾರಾಬಾದಿನಲ್ಲಿ ಅಜ್ಜಿ ಶಟರ್ ಇಳಿಸುವಷ್ಟರಲ್ಲಿ ಹೊರಗೆ ಶಹನಾಯಿ ಕೇಳಿಸಿತು. ಪ್ಲಾಟ್‌ಫಾರಮಿನ ತುಂಬ ಬೀದರಿನವರು. ತಂಬಿಗೆ, ತಾಟು, ಹಾಸಿದ ಜಮಖಾನೆ, ಹಂಡೆಯಲ್ಲಿ ಬಿಸಿ ಉಪ್ಪಿಟ್ಟು. ಹಿಂದಿನ ದಿನವೇ ಬಂದು ಸ್ಟೇಷನ್ನಿನಲ್ಲಿ ಮಲಗಿದ್ದರಂತೆ.

“ಇಳೀರಿ, ಇಳೀರಿ! ನಮ್ಮ ಲೈನ್ ಶುರುವಾಗೋದೇ ಇಲ್ಲಿಂದ್ರಿ, ಇದೇ ನಮ್ಮ ಸೀಮಿ!” ಎಂದು ಹುಡುಗಿಯ ತಾಯಿ ನಗುತ್ತ ಕೈ ಹಿಡಿದು ಇಳಿಸಿದಳು. ಎತ್ತರದ, ದೊಡ್ಡ ದನಿಯ ಹೆಂಗಸು. ಹಂಡೆಯಿಂದ ಮೊದಲ ತಟ್ಟೆ ತೆಗೆದು, ಜಮಖಾನೆಯ ಅಂಚಿನಲ್ಲಿ ಒಬ್ಬನೇ ಕೂತಿದ್ದ, ಮಫ್ಲರ್ ಸುತ್ತಿಕೊಂಡ ತೆಳ್ಳಗಿನ ಮನುಷ್ಯನಿಗೆ ಕೊಟ್ಟು ಬಂದಳು. ಆಮೇಲೆ ಕಾಕಾನ ಪಾದ ತೊಳೆದಳು.

ಬೇವಿನ ಮರ ಅಲ್ಲಿಂದ ಹತ್ತು ಮಾರು ದೂರ. ಅವ್ವ ಬೆಂಚಿನಲ್ಲಿದ್ದಳು. ತೊಳೆದು ಮಡಿಸಿದ ಹಳದಿ ಸೀರೆ ಉಟ್ಟಿದ್ದಳು. ಕಾಕಾನನ್ನು ನೋಡುತ್ತಿದ್ದಳು, ನೋಡುತ್ತಲೇ ಇದ್ದಳು. ಕಾಕಾ ತಲೆ ಎತ್ತಲಿಲ್ಲ.

ಬೀಗಿತ್ತಿ ಉಡಿಯ ಸಾಮಾನು ತೆಗೆದಳು. ಕುಬಸ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ. “ಹಿರಿ ಸೊಸಿ ಎಲ್ಲೆದಾರ್ರಿ? ಮೊದಲ ಉಡಿ ಅವರದು.”

ಅಜ್ಜಿ ಬಾಯಿ ತೆರೆಯುವ ಮೊದಲೇ ರಾಯಚೂರಿನ ಹೆಂಗಸು ಹೇಳಿಬಿಟ್ಟಳು. “ಅಯ್ಯ, ಅವರು ನಿಮ್ಮ ಬೀದರದಾಗೇ ಅದಾರಲ್ರಿ! ಭಾಳ ದಿನಾ ಆತು ಹೋಗಿ.”

“ನಮ್ಮ ಬೀದರದಾಗ? ಅವರು ಹೈದರಾಬಾದ್‌ದಾಗ ಅದಾರಂತ ಇವರೇ ಹೇಳಿದ್ರಲ್ರಿ.”

ಒಂದೇ ಹಳಿಯ ಮೇಲೆ ಎರಡು ತುದಿಯಿಂದ ಬಿಟ್ಟ ಗಾಡಿಗಳು ಹೀಗೆ ಎದುರುಬದುರಾದವು. ಶಹನಾಯಿಯವನೂ ನಿಲ್ಲಿಸಿದ. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ತನ್ನ ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದ. ಆ ಚಪ್ಪಲಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಒಬ್ಬ ಗಂಡಸು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು.

ಅವನು ಆಡಲಿಲ್ಲ, ನಾನು ಆಡಿದೆ. “ನಮ್ಮವ್ವ ಅಲ್ಲೇ ಕುಂತಾಳ ನೋಡ್ರಿ!” ಎಂದು ಬೆರಳು ಮಾಡಿ ಕೂಗಿದೆ.

ಎಲ್ಲರೂ ಬೇವಿನ ಮರದ ಕಡೆ ತಿರುಗಿದರು. ಬೀಗಿತ್ತಿ ನನ್ನ ಕೈ ಹಿಡಿದುಕೊಂಡು ಬೆಂಚಿನ ತನಕ ನಡೆದಳು. ಅವ್ವನ ಕಣ್ಣು ತುಂಬಿತ್ತು, ಸೆರಗು ಬಾಯಿಗಿತ್ತು.

“ಏನವ್ವಾ, ಈ ಕೂಸು ನಿಮ್ಮದೇನು?”

ಅವ್ವ ನನ್ನನ್ನು ನೋಡಿದಳು. ನನ್ನ ಹಿಂದೆ ನಿಂತಿದ್ದ ಅಜ್ಜಿಯನ್ನು, ಅರಿಷಿಣದ ಕಾಕಾನನ್ನು ನೋಡಿದಳು. ಸೆರಗು ತೆಗೆದು, ನೆಟ್ಟಗೆ ಕೂತು, ತೆಲುಗಿನಲ್ಲಿ ಉತ್ತರ ಕೊಟ್ಟಳು.

“ನೇನು ಕಾದಮ್ಮಾ. ನಾಕು ಪಿಲ್ಲಲು ಲೇರು.”

ನಾನಲ್ಲಮ್ಮ, ನನಗೆ ಮಕ್ಕಳಿಲ್ಲ ಎಂದಳು. ಎಷ್ಟು ಚಂದ ಹೇಳಿದಳೆಂದರೆ, ಹುಟ್ಟಿದ್ದೇ ಆ ನಾಡಿನಲ್ಲಿ ಅನ್ನಬೇಕು. ಗುಡ್ಡದ ಮೇಲಿನ ವಾರ್ಡಿನಲ್ಲಿ ಕಲಿತಿದ್ದಳು. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಎದ್ದು, ಎಂಜಿನ್ನಿಗೆ ನೀರು ಬಿಡುವ ಕಂಬದ ಆಚೆ ನಡೆದು ಹೋದಳು. ತಿರುಗಿ ನೋಡಲಿಲ್ಲ.

“ತಾಯಿ ಬಂದಿಲ್ಲಲ್ರಿ, ಕಂಡಕಂಡವರನ್ನ ಅವ್ವ ಅಂತೈತಿ ಕೂಸು,” ಎಂದಳು ಅಜ್ಜಿ. “ಆಕಿ ಮನಿ ಕಾಯಾಕ ಉಳದಾಳ್ರಿ. ನಿನ್ನೆ ಬೀದರದಿಂದ ತಿರುಗಿ ಬಂದ್ಲು.” ರಾಯಚೂರಿನ ಹೆಂಗಸು ಅಜ್ಜಿಯನ್ನೊಮ್ಮೆ ನೋಡಿ ಗಾಡಿ ಹತ್ತಿದಳು. ಬೀಗಿತ್ತಿ ಉಡಿಯ ಸಾಮಾನನ್ನು ಮತ್ತೆ ಚೀಲಕ್ಕೆ ಹಾಕಿ, “ಇರಲಿ, ಇಟ್ಟಿರತೀನಿ” ಅಂದಳು. ಗಾಡಿ ಬಿಟ್ಟಿತು. ಶಟರ್ ಇಳಿದೇ ಇತ್ತು.

ಮದುವೆಯಲ್ಲಿ ನಾನು ಏನು ಉಂಡೆನೋ ನೆನಪಿಲ್ಲ. ನೀನು ತಪ್ಪು ಮಾಡಿದೆ ಎಂದು ಮನೆಯವರೆಲ್ಲ ಹೇಳಿದರು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಮದುವೆ ಮುಗಿದ ಮೇಲೆ ಅವ್ವ ಮನೆಗೆ ಬಂದಳು. ಅಜ್ಜಿ ಅವಳಿಗೆ ಬೇರೆ ಲೋಟ, ಬೇರೆ ತಾಟು ಇಟ್ಟಳು. ಹೊಸ ಸೊಸೆಗೆ ಅದು ಹಳೆಯ ಮಡಿ ಅಂತ ಹೇಳಿದರು; ಆಕೆ ನಂಬಿದಳೋ ಇಲ್ಲವೋ, ತಿರುಗಿ ಏನೂ ಕೇಳಲಿಲ್ಲ. ಅವ್ವ ಈಗ ತರಕಾರಿಯವಳ ಹತ್ತಿರ ತಾನೇ ಮಾತಾಡುತ್ತಿದ್ದಳು. ನನ್ನನ್ನು ಕರೆಯುತ್ತಿರಲಿಲ್ಲ. ಅವಳ ಬಾಯಲ್ಲಿ ಆ ತೆಲುಗು ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ನನ್ನ ಜಡೆ ಹಾಕಲು ಬಂದರೆ ತಲೆ ತಪ್ಪಿಸಿಕೊಳ್ಳುತ್ತಿದ್ದೆ. ಮಕ್ಕಳಿಲ್ಲದವಳಿಗೆ ಜಡೆ ಹಾಕುವ ಕೆಲಸ ಯಾಕೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಬೀಗಿತ್ತಿ ಬಸುರಿ ಮಗಳನ್ನು ನೋಡಲು ಬಂದಳು. ಅವ್ವ ಒಳಗೇ ಉಳಿಯಬೇಕು ಅಂತ ಅಜ್ಜಿಯ ಕಟ್ಟಪ್ಪಣೆ. ಅವ್ವ ಅವತ್ತು ಯಾಕೋ ಕೇಳಲಿಲ್ಲ. ತಾನೇ ಚಹಾ ತಂದಳು. ಬೀಗಿತ್ತಿ ಅವಳ ಮುಖವನ್ನೇ ನೋಡಿ, ಚಹಾ ಇಸಕೊಂಡು, ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟಳು. ಆಮೇಲೆ ಚೀಲ ಎಳೆದುಕೊಂಡಳು.

“ಕುಂಡ್ರಾಕ ಒಂದು ಮಣಿ ತರ್ರಿ. ಜಂಕ್ಷನ್‌ದಾಗ ತುಂಬೋ ಉಡಿ ಹಂಗೇ ಉಳದೈತಿ.”

“ಬೀಗರೇ, ಅವತ್ತ...” ಎಂದಳು ಅಜ್ಜಿ.

“ಅವತ್ತೇ ಗೊತ್ತಾಗಿತ್ರಿ. ತಾಯಿ ಮಾರಿ, ಮಗಳ ಮಾರಿ ಒಂದೇ ಅಚ್ಚು. ಮಫ್ಲರ್ ಹಾಕ್ಕೊಂಡು ಕುಂತಿದ್ನಲ್ರಿ, ಅವ ನನ್ನ ತಮ್ಮ. ಅದೇ ಗುಡ್ಡದ ಮ್ಯಾಲಿದ್ದ. ಅವ ಅಕ್ಷತಿಗೆ ಬರೂ ಹಂಗಿರಲಿಲ್ಲ. ಅದಕ್ಕ ಸೀಮಾಂತ ಪೂಜಿ ಜಂಕ್ಷನ್‌ದಾಗ ಇಟ್ಕೊಂಡ್ವಿ. ನಿಮಗ ತಿಳೀಬಾರದಂತ ನಾವೂ ಹೆದರಿದ್ವಿ.” ಆಕೆ ಅವ್ವನ ಕಡೆ ತಿರುಗಿದಳು. “ನೀವು ಹೌದಂದಿದ್ರ ಅಲ್ಲೇ ಅಪ್ಪಿಕೊಳ್ತಿದ್ದೆ ತಂಗೀ. ಹೆತ್ತಾಕಿನೇ ಅಲ್ಲ ಅಂದಮ್ಯಾಲೆ ನಾ ಏನನ್ಲಿ?”

ಅಂದರೆ ಬೇಕಾಗಿಯೇ ಇರಲಿಲ್ಲ. ಆ ಎರಡು ತೆಲುಗು ಮಾತು ಬೇಕಾಗಿಯೇ ಇರಲಿಲ್ಲ. ಅವ್ವ ಮಣೆಯ ಮೇಲೆ ಕೂತಳು, ಉಡಿ ತುಂಬಿಸಿಕೊಂಡಳು, ಅಳಲಿಲ್ಲ. ಎದ್ದವಳು ಬಾಗಿಲ ಮರೆಯಲ್ಲಿದ್ದ ನನ್ನ ರಟ್ಟೆ ಹಿಡಿದು ನಡುಮನೆಗೆ ಎಳೆದು ತಂದಳು. ಅಜ್ಜಿ, ಅಪ್ಪ, ಕಾಕಾ ಎಲ್ಲರೂ ಅಲ್ಲೇ ಇದ್ದರು.

“ಈಕಿ ನನ್ನ ಮಗಳ್ರಿ,” ಎಂದಳು ಬೀಗಿತ್ತಿಗೆ.

ಬೀಗಿತ್ತಿಗೆ ಅದು ಗೊತ್ತಿತ್ತು. ಅವ್ವ ಇನ್ನೊಮ್ಮೆ ಹೇಳಿದಳು.