ಖೋ ಖೋ ಮೈದಾನದಲ್ಲಿ ಕನ್ಯೆ ನೋಡಿದ್ದು

ನಾನು ಒಂದು ಕಾಲಕ್ಕೆ ಕಾಲೇಜಿನ ಖೋ ಖೋ ತಂಡದ ನಾಯಕಿಯಾಗಿದ್ದೆ ಎಂದರೆ ಮೊಮ್ಮಕ್ಕಳು ಮೊದಲು ನನ್ನ ಮೊಣಕಾಲು ನೋಡುತ್ತಾರೆ. ಅವರ ಅನುಮಾನ ತಪ್ಪಲ್ಲ. ಈ ಮೊಣಕಾಲು ಆಗಲೂ ಭರವಸೆಯದೇನೂ ಆಗಿರಲಿಲ್ಲ. ಓಡುವಾಗ ನನ್ನ ಹೆಜ್ಜೆಯ ಸಪ್ಪಳಕ್ಕೆ ನಾನೇ ಬೆಚ್ಚುತ್ತಿದ್ದೆ. ಆದರೂ ಆಟದ ಮಾಸ್ತರರು ನನ್ನನ್ನೇ ಆರಿಸಿದರು. ಹಿರಿಯರ ಎದುರು ನಿಂತು ಮಾತಾಡಲು ಅಂಜದ ಹುಡುಗಿ ನಾನೊಬ್ಬಳೇ ಎಂಬುದು ಅವರು ಕೊಟ್ಟ ಕಾರಣ.

ಅರವತ್ತರ ದಶಕದ ಮೊದಲ ವರ್ಷಗಳು. ಗೋಕಾಕದ ನಮ್ಮ ಕಾಲೇಜಿನಲ್ಲಿ ಹುಡುಗಿಯರು ಎಷ್ಟು ಕಡಿಮೆಯೆಂದರೆ, ತಂಡಕ್ಕೆ ಒಂಬತ್ತು ಮಂದಿಯನ್ನು ಆರಿಸುವ ಪ್ರಶ್ನೆಯೇ ಇರಲಿಲ್ಲ. ಇದ್ದವರನ್ನೆಲ್ಲ ಕೂಡಿಸಿದರೆ ಒಂಬತ್ತಾಗುತ್ತಿತ್ತು. ವಿಶ್ವವಿದ್ಯಾಲಯದ ಪಂದ್ಯಗಳು ಧಾರವಾಡದಲ್ಲಿ. ಒಬ್ಬಳು ಬರಲಿಲ್ಲವೆಂದರೆ ತಂಡವೇ ಇಲ್ಲ.

ಈಗ ನಾಯಕತ್ವದ ಮೇಲೆ ದೊಡ್ಡ ದೊಡ್ಡ ಭಾಷಣಗಳಾಗುತ್ತವೆ. ನನಗೆ ಗೊತ್ತಿದ್ದ ನಾಯಕತ್ವವೆಂದರೆ ಮನೆಮನೆಗೆ ಹೋಗಿ ಚಹಾ ಕುಡಿಯುವುದು. ಹುಕ್ಕೇರಿಯ ತಂದೆಯೊಬ್ಬರಿಗೆ ಗಂಡುಮಕ್ಕಳು ನಿಂತು ನೋಡುತ್ತಾರೆಂಬ ಚಿಂತೆ. ನೋಡಲು ಬರುವವರೂ ಅಪ್ಪಂದಿರೇ ಎಂದು ಸಮಾಧಾನ ಹೇಳಿದೆ. ಮೂಡಲಗಿಯ ಅಜ್ಜಿಗೆ ಆಟದ ಚಿಂತೆಯಿರಲಿಲ್ಲ, ಮೊಮ್ಮಗಳು ರೈಲಿನಲ್ಲಿ ಉಪವಾಸ ಬೀಳುತ್ತಾಳೆಂಬ ಚಿಂತೆ. ಅವರು ಕಟ್ಟಿಕೊಟ್ಟ ರೊಟ್ಟಿ ಶೇಂಗಾ ಚಟ್ನಿ ಎದುರಾಳಿ ತಂಡಕ್ಕೂ ಸಾಕಾಯಿತು.

ಉಳಿದವಳು ಲಗಮವ್ವ. ಮಮದಾಪುರದ ಕುರಿಗಾರರ ಮಗಳು, ನಮ್ಮಲ್ಲಿ ನಿಜವಾಗಿ ಓಡಬಲ್ಲವಳು ಅವಳೊಬ್ಬಳೇ. ಹಿಂಡು ಬಿಟ್ಟು ಓಡುವ ಮರಿಗಳನ್ನು ಚಿಕ್ಕಂದಿನಿಂದ ಅಡ್ಡಗಟ್ಟಿ ಬೆಳೆದಿದ್ದ ಅವಳನ್ನು ಮುಟ್ಟುವುದು ಗಾಳಿಯನ್ನು ಮುಟ್ಟಿದ ಹಾಗೆ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ, "ನಾ ಬರೂದಾಗೂದಿಲ್ಲ ಸುಶೀಲಾ," ಎಂದಷ್ಟೇ ಹೇಳಿ ಹೋದಳು. ಮರುದಿನವೇ ನಾನು ಮಮದಾಪುರಕ್ಕೆ ಹೋದೆ.

ಅವಳ ತಂದೆ ಸಿದ್ದಪ್ಪ ಕಾಕಾ ಅಂಗಳದಲ್ಲಿ ಕಂಬಳಿ ಹಾಸಿ ಕೂಡಿಸಿದರು.

"ನಿಮ್ಮ ಆಟ ಐತಲ್ಲ, ಅವತ್ತ ವರನ ಕಡಿಯವರು ಕನ್ಯಾ ನೋಡಾಕ ಬರ್ತಾರ, ತಂಗಿ. ಮಾತು ಕೊಟ್ಟೇನಿ."

"ದಿನಾ ಮುಂದ ಹಾಕಾಕ ಬರೂದಿಲ್ಲೇನ್ರಿ, ಕಾಕಾ?"

"ಹುಡುಗ ಘೋಡಗೇರಿ ಸಾಲಿ ಮಾಸ್ತರ. ಅವಗ ಸೂಟಿ ಸಿಗೂದ ಅವತ್ತ."

ಲಗಮವ್ವ ಬಾಗಿಲಿಗೆ ಒರಗಿ ನಿಂತು ನೆಲ ನೋಡುತ್ತಿದ್ದಳು. ಆ ನೋಟ ಕಂಡು ನನ್ನ ಬಾಯಿಗೆ ಏನು ಬಂತೋ ಅದನ್ನೇ ಅಂದುಬಿಟ್ಟೆ.

"ಹಂಗಾದ್ರ ಅವರನ್ನ ಧಾರವಾಡಕ್ಕ ಕರೀರಿ. ಅಲ್ಲೇ ನೋಡ್ಲಿ."

"ಮೈದಾನದಾಗ?"

"ಕನ್ಯಾನ ಕಾಲು ನೆಟ್ಟಗ ಅದಾವೋ ಇಲ್ಲೋ ಅಂತ ನಾಕ ಹೆಜ್ಜಿ ನಡಿಸಿ ನೋಡ್ತಾರಲ್ರಿ? ಅಲ್ಲಿ ಓಡೂದ ನೋಡ್ತಾರ."

"ನೋಡಿ ಒಲ್ಲೆ ಅಂದ್ರ?"

"ಓಡೂದ ನೋಡಿ ಒಲ್ಲೆ ಅನ್ನೋರ ಮನ್ಯಾಗ ಆಕಿ ನಡಿಯೂದರ ಹೆಂಗ್ರಿ?"

ಮೊದಲು ನಕ್ಕಿದ್ದು ಒಳಗಿದ್ದ ಅವಳ ತಾಯಿ. ಕಾಕಾ ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಕೊನೆಗೆ, "ಹೇಳಿ ಕಳಿಸ್ತೇನಿ," ಎಂದರು.

ಅಂತಿಮ ಪಂದ್ಯದ ದಿನ ವರನ ಕಡೆಯವರು ನಿಜಕ್ಕೂ ಬಂದರು. ಅಂಚಿನ ಬೇವಿನ ಮರದ ಕೆಳಗೆ ಸಿದ್ದಪ್ಪ ಕಾಕಾರ ಜೊತೆ ವರನ ತಾಯಿ, ಸೋದರಮಾವ, ನಡುವೆ ಇಸ್ತ್ರಿ ಮಾಡಿದ ಧೋತರದ ಮಾಳಪ್ಪ ಮಾಸ್ತರ. ನಾವು ಸೀರೆಗೆ ಕಚ್ಚೆ ಹಾಕಿ ಕಣಕ್ಕಿಳಿದೆವು. ಕೊನೆಯ ಸರದಿ ಬರುವಾಗ ನಾವು ಒಂಬತ್ತು ಅಂಕ ಮುಂದಿದ್ದೆವು. ಇನ್ನು ಓಡಿ ತಪ್ಪಿಸಿಕೊಳ್ಳಬೇಕಾದವರು ನಾವು. ನನ್ನ ಹೆಜ್ಜೆಯ ಸಪ್ಪಳ ಎದುರಾಳಿಗಳಿಗೆ ದಾರಿ ತೋರಿಸಿರಬೇಕು, ಬೇಗನೆ ಔಟಾದವರಲ್ಲಿ ನಾನೂ ಒಬ್ಬಳು. ಕಟ್ಟಕಡೆಗೆ ಉಳಿದವಳು ಲಗಮವ್ವ. ಅವಳೂ ಹೋದರೆ ಅಂಕ ಸಮ. ಕಂಬದಿಂದ ಕಂಬಕ್ಕೆ ಅವಳು ನುಸುಳಿದಂತೆಲ್ಲ ಸೋದರಮಾವ ಕೂತಲ್ಲಿಂದ ಎದ್ದು ಮುಂದೆ ಬರುತ್ತಿದ್ದರು. ಸೀಟಿ ಊದಿದಾಗ ಅವರು ಗೆರೆಯ ಮೇಲೆ ನಿಂತಿದ್ದರು. ಲಗಮವ್ವ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ.

ಗೆದ್ದವರ ಢಾಲು ನಮ್ಮ ಕೈಗೆ ಬಂತು. ಆದರೆ ಎಲ್ಲರ ಕಣ್ಣು ಬೇವಿನ ಮರದ ಕಡೆಗಿತ್ತು. ಲಗಮವ್ವ ಬೆವರು ಒರೆಸಿಕೊಂಡು ಹೋಗಿ ಕೂತಳು. ವರನ ತಾಯಿ, "ರೊಟ್ಟಿ ಬಡಿಯಾಕ ಬರ್ತೈತೇನವಾ?" ಎಂದರು. "ಬರ್ತೈತ್ರಿ," ಎಂದಳು. "ಮತ್ತೇನರ ಕೇಳೂದೈತೇನು?" ಎಂದು ಸೋದರಮಾವ ತಮ್ಮವರನ್ನು ಕೇಳಿದರೆ, ಉತ್ತರ ಕೊಟ್ಟವಳು ಅವಳು.

"ನಂದೊಂದೈತ್ರಿ. ಅವರೂ ಒಂದ ಸುತ್ತ ಓಡ್ಲಿ."

ಪುರಾಣದ ಕಾಲದಲ್ಲಿ ಪರೀಕ್ಷೆ ಇರುತ್ತಿದ್ದದ್ದು ವರನಿಗೆ. ಬಿಲ್ಲು ಎತ್ತಬೇಕು, ಮೀನಿನ ಕಣ್ಣಿಗೆ ಗುರಿಯಿಡಬೇಕು. ನಡುವೆ ಯಾವಾಗಲೋ ಪ್ರಶ್ನೆಪತ್ರಿಕೆ ಹುಡುಗಿಯ ಕೈಗೆ ಬಂತು. ಅದನ್ನು ವಾಪಸು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಸಿದ್ದಪ್ಪ ಕಾಕಾ ಕೆಮ್ಮಿದರು. ಈ ಮೈದಾನದ ಉಪಾಯ ನನ್ನದು. ಮದುವೆ ಮುರಿದರೆ ಮಮದಾಪುರಕ್ಕೆ ಯಾವ ಮುಖ ಹೊತ್ತು ಹೋಗಲಿ?

ಮಾಳಪ್ಪ ಮಾಸ್ತರ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿದರು. ಅರ್ಧ ಮೈದಾನ ಓಡಿದರು, ಉಳಿದರ್ಧ ನಡೆದರು. ಏದುಸಿರು ಬಿಡುತ್ತ ಬಂದು, "ನನ್ನ ಕೈಲೆ ಇಷ್ಟ ಆಗೂದು," ಎಂದರು.

"ಸಾಕ್ರಿ," ಎಂದಳು ಲಗಮವ್ವ. "ಆದ್ರ ಬಿ.ಎ. ಮುಗದ ಮ್ಯಾಲ ಲಗ್ನ."

"ಮುಗೀಲಿ. ನನಗ ಅವಸರ ಇಲ್ಲ. ಈಗ ನೋಡಿದ್ರೆಲ್ಲ, ನಾ ಜೋರಾಗಿ ಓಡಾವಲ್ಲ," ಎಂದರು ಮಾಸ್ತರ. ಅವರ ತಾಯಿಯೇ ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಆದರೆ ಊರವರ ಬಾಯಲ್ಲಿ ಢಾಲಿನ ಮಾತು ಕಡಿಮೆ. ಖೋ ಖೋ ಆಡಿದರೆ ನೌಕರಿಯ ವರ ಸಿಗುತ್ತಾನೆ ಎಂಬುದೇ ಹೆಚ್ಚು. ಮರುವರ್ಷ ನಾನು ಯಾರ ಮನೆಗೂ ಹೋಗಿ ಚಹಾ ಕುಡಿಯಬೇಕಾಗಲಿಲ್ಲ. ಅಂಕಲಗಿಯಿಂದ, ಹುಕ್ಕೇರಿಯಿಂದ ತಂದೆಯರೇ ಮಗಳನ್ನು ಕಾಲೇಜಿಗೆ ಸೇರಿಸಲು ಕರೆದುಕೊಂಡು ಬಂದು, "ನಮ್ಮ ಹುಡುಗೀನೂ ಆಟಕ್ಕ ತಗೋರಿ," ಎಂದರು. ಮೊದಲ ಬಾರಿಗೆ ಒಂಬತ್ತು ಮಂದಿಯನ್ನು ಆರಿಸುವ ಪ್ರಸಂಗ ಬಂತು. ಹೊಸ ನಾಯಕಿ ಲಗಮವ್ವ ಎಲ್ಲರನ್ನೂ ಓಡಿಸಿ ನೋಡಿ, ನ್ಯಾಯವಾಗಿ, ನನ್ನನ್ನು ಕೈಬಿಟ್ಟಳು.

ಒಂದು ದಿನ ಮುಖ ಊದಿಸಿಕೊಂಡಿದ್ದೆನೇನೋ. ಆಮೇಲೆ ಅಂಚಿಗೆ ಕೂತು, ಅಷ್ಟೊಂದು ಹುಡುಗಿಯರು ಒಟ್ಟಿಗೆ ಓಡುವುದನ್ನು ನೋಡಿದೆ. ನನಗಿಂತ ಚೆನ್ನಾಗಿ ಓಡುವವರು ಇಷ್ಟು ಮಂದಿ ಇದ್ದರೆಂದು ಯಾರಿಗೆ ಗೊತ್ತಿತ್ತು? ನಾಯಕಿಯಾಗಿ ನಾನು ಮಾಡಿದ್ದು ಇಷ್ಟೇ, ನನ್ನ ಜಾಗ ನನಗೇ ಸಿಗದಷ್ಟು ಹುಡುಗಿಯರನ್ನು ಮೈದಾನಕ್ಕೆ ತಂದದ್ದು. ಕೂತ ಕಡೆ ನೆರಳೂ ಚೆನ್ನಾಗಿತ್ತು.