ಮಲಗಿದರೆ ಮಾತ್ರ ಕಾಣುವ ಗುಡ್ಡ

ಕಳೆದ ಸೋಮವಾರ ಬೆಳಿಗ್ಗೆ ನಗರಸಭೆಯ ಕಸದ ಟ್ರ್ಯಾಕ್ಟರ್ ಮುಂದೆ ನಾನು ಎರಡೂ ಕೈ ಅಗಲಿಸಿ ನಿಂತಿದ್ದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಗಲ ಮೇಲೆ ಒದ್ದೆ ಚಾದರ. "ಇದು ಕಸ ಅಲ್ಲೋ ಯಪ್ಪಾ!" ಎಂದು ಒದರುತ್ತಿದ್ದೆ.

ಆ ಟ್ರ್ಯಾಕ್ಟರ್ ಕರೆಸಿದ್ದು ಯಾರು ಅಂತೀರಿ? ನಾನೇ!

ಇರಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಶಹಾಪುರದ ಗುಡ್ಡ ನಿಮಗೆ ಗೊತ್ತಲ್ಲ? ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಆದರೆ ಎಲ್ಲಿಂದ ನೋಡಿದರೂ ಅಲ್ಲ. ಹೊರಗಿನವರು ಬಂದರೆ ಅವರ ಭುಜ ಹಿಡಿದು, "ಇಲ್ಲೇ ನಿಂದ್ರರಿ, ಅಲ್ಲಾಡಬ್ಯಾಡ್ರಿ" ಎನ್ನುತ್ತೇವೆ. ಆಗ ಹಣೆ, ಮೂಗು, ಗದ್ದ, ಎದೆ ಎಲ್ಲ ಮೂಡುತ್ತವೆ. ನಾಲ್ಕು ಹೆಜ್ಜೆ ಸರಿದರೆ ಬರೀ ಬಂಡೆ.

ಆ ಬುದ್ಧನನ್ನು ನೋಡುತ್ತ ಚಹಾ ಕುಡಿಯಬೇಕೆಂದೇ ನಾವು ಹೋದ ವರ್ಷ ಮೇಲೊಂದು ಅಂತಸ್ತು ಕಟ್ಟಿಸಿದೆವು. ಪಕ್ಕದ ಖಾಲಿ ಜಾಗದ ಕಡೆಯ ಗೋಡೆಗೆ ತಿಳಿನೀಲಿ ಬಣ್ಣ ಹೊಡೆಸಿದೆ. ನಮ್ಮ ಯಜಮಾನರಿಗೆ ಅದು ಕಂಡರಾಗದು. "ಸರ್ಕಾರಿ ದವಾಖಾನಿ ಕಂಡಂಗ ಕಾಣತೈತಿ" ಎಂದು ಗೊಣಗಿ, ದೀಪಾವಳಿಗೆ ಹೊಡೆಸಲು ಹಳದಿ ಬಣ್ಣದ ಎರಡು ಡಬ್ಬಿ ತಂದಿಟ್ಟಿದ್ದಾರೆ.

ಖಾಲಿ ಜಾಗದ ಆಚೆ ಮರೆಪ್ಪಣ್ಣನವರ ಮನೆ. ಅವರದು ಪತ್ರಾ ಕೆಲಸ. ತಗಡು ಬಡಿದು ಟ್ರಂಕು, ಜೋಳದ ಡಬ್ಬಿ, ಎಣ್ಣೆಯ ಲಾಳಿಕೆ ಮಾಡುತ್ತಾರೆ. (ಓಣಿಯ ಅರ್ಧ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದದ್ದು ಅವರ ಟ್ರಂಕಿನ ಜೊತೆಗೇ.) ಈಗ ಟ್ರಂಕು ಕೇಳುವವರು ಕಡಿಮೆ. ಆದರೂ ಮೂರು ತಿಂಗಳಿಂದ ಟಕ್ ಟಕ್ ನಿಂತಿರಲಿಲ್ಲ. ಖಾಲಿ ಜಾಗದಲ್ಲಿ ರಾಶಿ ಬೆಳೆಯುತ್ತಲೇ ಇತ್ತು. ತುಕ್ಕು ಹಿಡಿದ ಕೂಲರ್, ಸೊಟ್ಟಗಾದ ಕೊಡ, ಕುಕ್ಕರ್ ಮುಚ್ಚಳ, ಟ್ರ್ಯಾಕ್ಟರಿನ ಮಡ್‌ಗಾರ್ಡು, ಹತ್ತಿಗೆ ಔಷಧಿ ಹೊಡೆಯುವ ಹಳೆಯ ಪಂಪು. ಗುಜರಿಯವನೂ ಮುಖ ತಿರುಗಿಸಬೇಕು, ಅಂಥ ಸಾಮಾನು!

ಒಮ್ಮೆ ಕೇಳಿಯೇಬಿಟ್ಟೆ. "ಏನ್ ಮಾಡಾಕತ್ತೀರಿ ಮರೆಪ್ಪಣ್ಣ?"

"ಗುಡ್ಡ ಮಾಡಾಕತ್ತೀನ್ರಿ ಅಕ್ಕಾರ."

ನನಗೆ ಸಿಟ್ಟು ನೆತ್ತಿಗೇರಿತು. ಗುಡ್ಡೆ ಹಾಕುತ್ತಿರುವುದು ನನಗೆ ಕಾಣುವುದಿಲ್ಲವೇ? ಕೇಳಿದ್ದಕ್ಕೆ ಕುಹಕ ಬೇರೆಯೇ?

ಫೋನ್ ತೆಗೆದೆ. ನಮ್ಮ ಬಾಗಿಲಲ್ಲೇ ನಿಂತು ರಾಶಿಯ ಫೋಟೊ ಹೊಡೆದೆ. ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕಿ, "ಇದಕ್ಕೆ ಕೇಳುವವರಿಲ್ಲವೇ?" ಎಂದು ಬರೆದು, ಮೂರು ಕೆಂಪು ಮುಖ ಅಂಟಿಸಿದೆ. (ನಮ್ಮ ಆಯಿ ಇದ್ದಿದ್ದರೆ, "ಸೆರಗಿನಾಗ ಪೊಲೀಸ್ ಠಾಣೆ ಕಟ್ಕೊಂಡು ತಿರಗತಿ ನೀನು" ಎನ್ನುತ್ತಿದ್ದಳು.) ಭಾನುವಾರ ಸಂಜೆ ಉತ್ತರ ಬಂತು: ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತದೆ. ನಾನು ಗೆದ್ದೆ!

ಸೋಮವಾರ ಮೇಲೆ ಖಾಲಿ ಜಾಗದ ಕಡೆಯ ಕಟಾಂಜನದ ಕಂಬಿಗೆ ಒಗೆದ ಚಾದರ ಇಳಿಬಿಟ್ಟು, ಎಂದಿನಂತೆ ಗುಡ್ಡದ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದೆ. ಬೆನ್ನ ಹಿಂದೆ ಕೂಗು ಕೇಳಿತು.

"ಏ ಮ್ಯಾಲ ಚಾ ಕುಡಿಯಾಕಿ! ನಿನ್ನ ಚಾದರ ತಗಿ ಬೇ! ಬುದ್ಧನ ಮಾರಿ ಮ್ಯಾಲ ಬಿದ್ದೈತಿ!"

ಮರೆಪ್ಪಣ್ಣನವರ ತಾಯಿ ಶಾಂತವ್ವ. ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಪಡಸಾಲೆಯ ಮಂಚದ ಮೇಲೇ ಇದ್ದಾಳೆ. ಮುದುಕಿಗೆ ಬುದ್ಧಿ ಎಲ್ಲಿ ಹೋಯಿತು? ಬುದ್ಧ ಎಲ್ಲಿ, ನನ್ನ ಚಾದರ ಎಲ್ಲಿ? ಚಾದರ ಎಳೆದು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ಅವರ ಮನೆಗೆ ಹೋದೆ.

"ಯಾವ ಬುದ್ಧ ಬೇ ಯವ್ವಾ?"

"ನಿಂತ್ರ ಕಾಣಂಗಿಲ್ಲ. ಮಲಕೊ."

ಆಕೆ ಒಂಚೂರು ಸರಿದು ಜಾಗ ಬಿಟ್ಟಳು. ಬೇರೆ ದಾರಿ ಇಲ್ಲದೆ ಅವಳ ದಿಂಬಿಗೆ ತಲೆ ಇಟ್ಟೆ.

ಇಟ್ಟೆನೋ ಇಲ್ಲವೋ, ಮೈ ಜುಮ್ಮೆಂದಿತು!

ಬುದ್ಧ! ನಮ್ಮದೇ ಗುಡ್ಡದ ಬುದ್ಧ! ಮಡ್‌ಗಾರ್ಡು ಹಣೆಯಾಗಿತ್ತು. ಎಣ್ಣೆಯ ಲಾಳಿಕೆ ಮೂಗು. ಕುಕ್ಕರ್ ಮುಚ್ಚಳ ಗದ್ದ. ಕೂಲರ್ ಎದೆಯಾಗಿ ಉಬ್ಬಿತ್ತು. ಔಷಧಿಯ ಪಂಪು ಎದೆಯ ಮೇಲೆ ಕೈಯಾಗಿ ಮಲಗಿತ್ತು. ಹಿಂದೆ ತಿಳಿನೀಲಿ ಆಕಾಶ. ಯಾವ ಆಕಾಶ? ನಮ್ಮ ಗೋಡೆ! ತಲೆ ಎತ್ತಿದೆ, ತಗಡಿನ ರಾಶಿ. ತಲೆ ಇಟ್ಟೆ, ಬುದ್ಧ. ಐದಾರು ಸಲ ಹಾಗೇ ಎತ್ತಿ ಇಟ್ಟು ಮಾಡಿದೆ.

"ಮದ್ಲ ನಿಮ್ಮ ಮಾಳಗಿ ಮ್ಯಾಲ ಗುಡ್ಡ ಕಾಣತಿತ್ತು," ಶಾಂತವ್ವ ನನ್ನ ಕಿವಿಯ ಹತ್ತಿರವೇ ಹೇಳಿದಳು. "ನೀವು ಮ್ಯಾಲ ಕಟ್ಟಿದ್ರಿ, ಮುಚ್ಚಿಹೋತು. ಕಟ್ಕೋರಿ, ನಿಮ್ಮ ಜಾಗ. ಅದಕ್ಕ ನನ್ನ ಮಗ ಇನ್ನೊಂದು ಗುಡ್ಡ ಮಾಡ್ಯಾನ."

ನಾನು ಚಹಾ ಕುಡಿಯಲು ಕಟ್ಟಿಸಿದ್ದು ಯಾರ ಗುಡ್ಡದ ಮೇಲೆ?

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ರ್ಯಾಕ್ಟರ್ ಸದ್ದು. ಎದ್ದು ಓಡಿದೆ. ಆಮೇಲಿನದು ನಿಮಗೆ ಗೊತ್ತೇ ಇದೆ.

ಡ್ರೈವರ್ ಸಾಬಣ್ಣ ಬ್ರೇಕು ಒತ್ತಿ ಫೋನ್ ತೋರಿಸಿದ. "ಅಕ್ಕಾರ, ಕಂಪ್ಲೇಂಟ್ ನಿಮ್ಮದೇ ಐತಲ್ರಿ! ಮೂರು ಕೆಂಪ್ ಮಾರಿ ಬ್ಯಾರೆ ಹಾಕೀರಿ."

ಸದ್ದು ಕೇಳಿ ಹೊರಗೆ ಬಂದಿದ್ದ ಮರೆಪ್ಪಣ್ಣ ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು. ನಾಲ್ಕು ಬೈದಿದ್ದರೆ ಬದುಕುತ್ತಿದ್ದೆ.

ಕಾಪಾಡಿದವಳು ಶಾಂತವ್ವ. "ಏ ತಮ್ಮಾ, ಮದ್ಲ ಈ ದಿಂಬಿನ ಮ್ಯಾಲ ತಲಿ ಇಡು. ಆಮ್ಯಾಲ ತುಂಬ್ಕೊಂಡು ಹೋಗು."

"ಡ್ಯೂಟಿ ಮ್ಯಾಲ ಅದೀನಬೇ ಆಯಿ."

"ಡ್ಯೂಟಿ ಮ್ಯಾಲ ನೀ ಎಂದೂ ಮಲಗೇ ಇಲ್ಲೇನು? ಬಾ."

ಸಾಬಣ್ಣ ನಗುತ್ತ ಬಂದು ಮಂಚದ ಪಕ್ಕ ಮಂಡಿಯೂರಿ ದಿಂಬಿಗೆ ತಲೆ ಇಟ್ಟ. ನಗು ನಿಂತಿತು.

"ಅಬಬಬ! ಮೂಗು... ತುಟಿ... ಏ, ಕೈ ಸೈತ ಐತಲ್ರಿ!" ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ಅವನಿಗೆ ನೌಕರಿ ನೆನಪಾಯಿತು. "ಆದ್ರ ಅಕ್ಕಾರ, ಕಂಪ್ಲೇಂಟ್ ಮುಗಸಾಕ ಫೋಟೊ ಬೇಕು. ಜಾಗ ಸ್ವಚ್ಛ ಆದದ್ದು."

ತಾನೇ ಒಂದು ಕ್ಷಣ ಯೋಚಿಸಿದ. ದಿಂಬಿನಿಂದ ತಲೆ ಎತ್ತದೆ ಹಾಗೇ ಫೋಟೊ ಹೊಡೆದು ಗ್ರೂಪಿಗೆ ಹಾಕಿದ: "ಸಮಸ್ಯೆ ಬಗೆಹರಿದಿದೆ."

ಕೂಡಲೇ ಗ್ರೂಪಿನಲ್ಲಿ ಯಾರೋ ಕೇಳಿದರು, "ಸಾಬಣ್ಣ, ಕೆಲಸ ಬಿಟ್ಟು ಗುಡ್ಡ ನೋಡಾಕ ಹೋಗೀಯೇನು?"

ಸಂಜೆಗೆ ಶಾಂತವ್ವನ ಮಂಚದ ಮುಂದೆ ಪಾಳಿ! ಮಗ ಆಕೆಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ್ದರು. "ಎಣ್ಣಿ ತಲಿಯವರು ದಿಂಬಿಗಿ ಟವೆಲ್ ಹಾಸ್ರಿ" ಎಂದು ಆಕೆ ಒಬ್ಬೊಬ್ಬರನ್ನೇ ಬಿಡುತ್ತಿದ್ದಳು. ಆಕೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ. (ಕಂಡಿರಲಿಲ್ಲ ಏಕೆ? ಆ ಕಡೆ ತಿರುಗಿದ್ದರೆ ತಾನೇ!)

ಜನ ಕರಗಿದ ಮೇಲೆ ಮರೆಪ್ಪಣ್ಣನವರ ಹತ್ತಿರ ಹೋದೆ. "ಇದಕ್ಕ ಶಿಲ್ಪ ಅಂತಾರ್ರಿ. ನೀವು ಕಲಾವಿದರು" ಎಂದೆ.

"ಏ ಬಿಡ್ರಿ, ನಾ ಪತ್ರಾ ಕೆಲಸದಾಂವ. ನಿಮ್ಮ ಮನಿ ಎದ್ದ ಮ್ಯಾಲ ಅವ್ವ ಒಳಗಿನ ಗ್ವಾಡಿ ಕಡಿ ಮಾರಿ ಮಾಡಿ ಮಲಗಾಕತ್ತಿದ್ಲು. ಈಗ ಈ ಕಡಿ ತಿರುಗ್ಯಾಳ. ಇಷ್ಟಽ ರಿ."

"ನಂದು ತಪ್ಪಾತ್ರಿ ಅಣ್ಣ. ನಾ ಏನ್ ಮಾಡ್ಲಿ ಹೇಳ್ರಿ."

ನಮ್ಮ ನೀಲಿ ಗೋಡೆಯ ಕಡೆ ನೋಡಿದರು. "ಏನೂ ಬ್ಯಾಡ್ರಿ ಅಕ್ಕಾರ. ದೀಪಾವಳಿಗಿ ಗ್ವಾಡಿಗಿ ಬಣ್ಣ ಬದಲ್ ಮಾಡ್ತೀರಿ ಅಂತ ಕೇಳೀನಿ. ಅದೊಂದು ಬ್ಯಾಡ್ರಿ."

ಎರಡು ಡಬ್ಬಿ ಹಳದಿ ಬಣ್ಣ ನಮ್ಮ ಮನೆಯಲ್ಲಿದೆ. ಸೀಲು ಒಡೆದಿಲ್ಲ. ಬೇಕಾದವರು ಬಂದು ಒಯ್ಯಿರಿ. ಯಜಮಾನರು ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ. ನೀವೇ ಹೇಳಿ, ಆಕಾಶಕ್ಕೆ ಯಾರಾದರೂ ಹಳದಿ ಬಣ್ಣ ಹೊಡೆಸುತ್ತಾರೆಯೇ?